ಅಂಗೈಯಗಲ ರಬ್ಬರು

ಟೈರಂಗಡಿಯ ಯಜಮಾನರಿಗೆ ಗಿರಾಕಿಯ ಮುಖ ನೆನಪಿರುವುದಿಲ್ಲ. ಆದರೆ ಅವನ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಕೈಯಾಡಿಸಿದರೆ ಅವನ ಜಾತಕವೆಲ್ಲ ಬಿಚ್ಚಿಕೊಳ್ಳುತ್ತದೆ. "ತಿರುವಿನಲ್ಲಿ ನಿಮಗೆ ಸ್ವಲ್ಪ ಅವಸರ, ಅಲ್ವಾ?" ಎಂದರೆ ಸಾಕು, ಪಕ್ಕದಲ್ಲಿರುವ ಹೆಂಡತಿ ಗಂಡನನ್ನು ದುರುಗುಟ್ಟಿಕೊಂಡು ನೋಡುತ್ತಾಳೆ. ಬೆಲೆ ಕೇಳಿದವರಿಗೆ ಮೊದಲು ಇವರದೇ ಸವಾಲು: ಮನೆ ಏರಿನಲ್ಲಿದೆಯೋ, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ, ಹಿಮ ಬೀಳುವ ಕಡೆ ಹೋಗುವುದುಂಟೋ. "ಬೇಸಿಗೆ ಟೈರು ಚಳಿಗೆ ಮರಗಟ್ಟತ್ತೆ, ಚಳಿ ಟೈರು ಬಿಸಿಲಿಗೆ ಮೆತ್ತಗಾಗತ್ತೆ. ಕಾರಷ್ಟೂ ನಿಂತಿರೋದು ನಾಲ್ಕು ಅಂಗೈಯಗಲ ರಬ್ಬರಿನ ಮೇಲೆ ಸ್ವಾಮಿ," ಎಂದು ಕೈ ಚಾಚಿ ತೋರಿಸದೆ ಯಾರನ್ನೂ ಬಿಟ್ಟವರಲ್ಲ. ಮಳೆಗೆ ಆಳವಾದ ಗೀರಿನ ಟೈರೇ ಬೇಕೆಂದು ಗಂಟಲು ಹರಿದುಕೊಳ್ಳುವ ಈ ಮನುಷ್ಯನ ಹಳೇ ಕಾರಿಗೆ ಮಾತ್ರ ಹೊಸ ಟೈರು ಬಿದ್ದದ್ದನ್ನು ಯಾರೂ ಕಂಡಿಲ್ಲ. "ಜುಗ್ಗತನಕ್ಕೂ ಒಂದು ಮಿತಿ ಇರ್ಬೇಕಪ್ಪ. ಈ ಡಬ್ಬಾನಾದ್ರೂ ಮಾರು," ಎಂದು ಮಗಳು ಗೊಣಗುತ್ತಾಳೆ. "ಓಡೋಷ್ಟು ದಿನ ಓಡ್ಲಿ ಬಿಡೇ," ಎಂದು ಇವರು ನಗುತ್ತಾರೆ. ಮಗಳು ಆಸ್ಪತ್ರೆಯಲ್ಲಿ ನರ್ಸು, ದಿನಾ ಘಾಟಿ ಇಳಿದು ಹತ್ತುವವಳು. ಮಳೆ ಹಿಡಿಯುವ ಮೊದಲು "ಗಾಳಿ ನೋಡ್ತೀನಿ" ಎಂಬ ನೆಪದಲ್ಲಿ ಅವಳ ಕಾರನ್ನು ಅಂಗಡಿಗೆ ಒಯ್ಯುತ್ತಾರೆ. ಗಿರಾಕಿಗಳಿಗೆ ಐದು ವರ್ಷ ಬರುತ್ತದೆಂದು ಹೇಳುವ ಟೈರು ಅವಳಿಗೆ ಒಂದೇ ವರ್ಷ. ಅವಳ ಕಾರಿಗೆ ಹೊಸದು, ಬಿಚ್ಚಿದ್ದು ಇವರ ಕಾರಿಗೆ. ಟೈರಂಗಡಿಯವರ ಮಗಳಾದರೂ ಅವಳು ಒಮ್ಮೆಯೂ ಬಗ್ಗಿ ನೋಡಿದವಳಲ್ಲ. ಆ ಡಬ್ಬಾವನ್ನು ಇವರು ಮಾರದಿರುವುದೂ ಇದಕ್ಕೇ. ಮಗಳ ಕಾರಿನ ಟೈರು ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ.