ಹೊಳೆ ತಂದ ಗೊರಟುಗಳು

ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಮಾವಿನ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಸಾಕು, ಅದು ಯಾವ ಮರದ್ದೆಂದು ಹೇಳಿಬಿಡುತ್ತಾರೆ. ಕಳಸದ ಮೇಲ್ಗಡೆ ಭದ್ರಾ ಹೊಳೆಯ ದಂಡೆಯಲ್ಲಿ ಕಾಡುಮಾವು ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಒಂದರ ಸೊನೆಗೆ ಜೀರಿಗೆಯ ಪರಿಮಳ, ಒಂದಕ್ಕೆ ಕರ್ಪೂರದ್ದು, ಇನ್ನೊಂದು ಬರೀ ಹುಳಿ. ಉಪ್ಪಿನಕಾಯಿ ಮಿಡಿಯ ಆಸೆಗೆ ಜನ ಕೊಂಬೆ ಸಮೇತ ಕಡಿದೂ ಕಡಿದೂ ದಂಡೆ ಬೋಳಾಯಿತು. ಈಗ ಉಳಿದದ್ದೆಲ್ಲ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ. ಅಲ್ಲಿಗೆ ನಮಗೆ ಪ್ರವೇಶವಿಲ್ಲ. ಒಳ್ಳೆಯದೇ ಆಯಿತು ಎನ್ನುತ್ತೇನೆ ನಾನು, ನಮ್ಮವರ ಕತ್ತಿ ನನಗೆ ಗೊತ್ತಿಲ್ಲವೇ.

ತೋಟದಲ್ಲಿ ನಾವು ದೊಡ್ಡ ಬುದ್ಧಿವಂತಿಕೆ ಮಾಡಿದ್ದೆವು. ಊರಿಗೇ ಹೆಸರಾದ ಒಂದು ಜೀರಿಗೆ ಮಾವಿನ ಮರದ ಕುಡಿ ತಂದು, ಕಾಫಿಯ ನಡುವಿನ ಮಾವಿಗೆಲ್ಲ ಅದನ್ನೇ ಕಸಿ ಕಟ್ಟಿದೆವು. ಅಕ್ಕಪಕ್ಕದ ತೋಟದವರೂ ಅದನ್ನೇ ಕಟ್ಟಿದರು. ಕಣ್ಣಿಗೆ ಎಷ್ಟೋ ಮರ, ನಿಜದಲ್ಲಿ ಇದ್ದದ್ದು ಒಂದೇ. ಹೋದ ವರ್ಷ ಎಲ್ಲವೂ ಒಟ್ಟಿಗೆ ಹೂ ಬಿಟ್ಟಾಗಲೇ ಅಕಾಲದ ಮಳೆ ಹಿಡಿದು, ಹೂವೆಲ್ಲ ಒಟ್ಟಿಗೇ ಕಪ್ಪಾಗಿ ಉದುರಿತು. ಯಾವ ತೋಟದಲ್ಲೂ ಒಂದು ಮಿಡಿಯಿಲ್ಲ.

ಅತ್ತೆ ಖಾಲಿ ಭರಣಿ ತೊಳೆದು ಬೋರಲು ಹಾಕಿದರು. ವಯಸ್ಸಾಯಿತು, ಇನ್ನು ಮರ ಗಿಡದ ಉಸಾಬರಿ ತಮಗೆ ಬೇಡ ಎಂದರು. ಆಮೇಲೆ ಅಂಗಳಕ್ಕೂ ಇಳಿಯಲಿಲ್ಲ, ಊಟವೂ ಕಡಿಮೆಯಾಯಿತು. ಅವರು ಮೆಲ್ಲಗೆ ನಮ್ಮನ್ನು ಬಿಟ್ಟು ಹೊರಟಿದ್ದಾರೆ ಅನ್ನಿಸಿ ನನಗೆ ದಿಗಿಲಾಯಿತು.

ಮಳೆಗಾಲ ಮುಗಿದು ಹೊಳೆ ಇಳಿದಾಗ ಒಂದು ಬೆಳಿಗ್ಗೆ ಅವರ ಕೈಹಿಡಿದು ದಂಡೆಗೆ ಕರೆದೊಯ್ದೆ. ಮಂಜಿನಲ್ಲಿ ಆಚೆ ದಡವೇ ಇರಲಿಲ್ಲ. ಕಾಡಿನೊಳಗಿಂದ ನೀರು ನಿದ್ದೆಗಣ್ಣಲ್ಲಿ ನಡೆದು ಬರುವಂತಿತ್ತು. ಮಂಜು ಸರಿದಾಗ ಮರಳಿನ ಮೇಲೆ, ಹೊಳೆ ಬಿಟ್ಟುಹೋದ ಕಸದ ನಡುವೆ, ಮಾವಿನ ಗೊರಟುಗಳು ಕಂಡವು. ಗಡಿಯೊಳಗೆ ಯಾವುವೋ ಮರಗಳು ತಮ್ಮಿಷ್ಟದಂತೆ ತಡವಾಗಿ ಹೂ ಬಿಟ್ಟಿರಬೇಕು. ಸಿಂಗಳೀಕಗಳು ಹಣ್ಣು ಚೀಪಿ ಎಸೆದದ್ದನ್ನು ನೆರೆ ಇಲ್ಲಿಯವರೆಗೆ ಹೊತ್ತು ತಂದಿತ್ತು. ಕೆಲವು ಆಗಲೇ ಮೊಳೆತು ತಾಮ್ರಬಣ್ಣದ ಎಲೆ ಬಿಟ್ಟಿದ್ದವು.

ಗೊರಟಿನ ಗಿಡ ತಾಯಿಮರದಂತೆ ಬರುವುದಿಲ್ಲವೆಂದು ನಮ್ಮ ಕಡೆ ಯಾರೂ ಅದನ್ನು ನೆಡುವುದಿಲ್ಲ. ನಾನೂ ಅದನ್ನೇ ಹೇಳಿದೆ. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದೊಂದು ಗಿಡದ ಎಲೆ ಚಿವುಟಿ ಮೂಸಿದರು. ಒಂದು ಕರ್ಪೂರದ್ದೆಂದರು, ಒಂದನ್ನು ಮೂಗು ಮುರಿದು ಬಿಟ್ಟರು. ಕೊನೆಯದನ್ನು ಮಾತ್ರ ಬಹಳ ಹೊತ್ತು ಮೂಗಿಗೆ ಹಿಡಿದೇ ಇದ್ದರು.

"ಇದು ನಂಗೆ ಗೊತ್ತಿಲ್ದೇ ಇರೋದು ಮಾರಾಯ್ತಿ" ಎಂದರು.

ನಾನು ಕೈಯೊಡ್ಡಿದರೆ ಕೊಡಲಿಲ್ಲ. ಗಿಡವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಇದು ಕಾಯಿ ಬಿಡಲು ಎಷ್ಟು ವರ್ಷ ಬೇಕು ಎಂದು ನನ್ನನ್ನೇ ಕೇಳಿದರು, ತಮಗೇ ಗೊತ್ತಿಲ್ಲವೆಂಬಂತೆ. ಎಂಟೋ ಹತ್ತೋ ಆದೀತು ಎಂದೆ.

"ಹಾಗಾದ್ರೆ ಮಧ್ಯಾಹ್ನಕ್ಕೆ ಅನ್ನ ಸ್ವಲ್ಪ ಜಾಸ್ತಿ ಇಡು" ಎಂದರು ಅತ್ತೆ.