ಓಜೆಲ್ಲಾ ವೈನ್ಸ್ ತುಂಬಿಕೊಟ್ಟ ಫಾರಂಗಳು

ಅಮೆರಿಕದ ನಾರ್ತ್ ಕೆರೊಲೈನಾದ ಪೂರ್ವ ಭಾಗದಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವಿನ ಪೈನ್ ಫೋರ್ಕ್ ಎಂಬ ಊರಿನಲ್ಲಿ, ಓಜೆಲ್ಲಾ ವೈನ್ಸ್ ಹತ್ತೊಂಬತ್ತು ವರ್ಷ ಮೂರನೇ ತರಗತಿಗೆ ಪಾಠ ಹೇಳಿದಳು. ಅದು ಕಪ್ಪು ಮಕ್ಕಳ ಶಾಲೆ. ಅವಳೂ ಅಲ್ಲೇ ಅಕ್ಷರ ಕಲಿತವಳು. ಅವಳಿಗೆ ಕಲಿಸಿದ ಗೋರಮ್ ಮೇಷ್ಟ್ರೇ ಮುಂದೆ ಅಲ್ಲಿ ಹೆಡ್ಮಾಸ್ಟರಾದರು. ಊರಿನಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರೆಂದು ಚಿಕ್ಕವರು ದೊಡ್ಡವರೆಲ್ಲ ಅವರನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಓಜೆಲ್ಲಾ ಕಾಲೇಜಿಗೆ ಹೊರಟ ದಿನ ಅವಳ ತಗಡಿನ ಪೆಟ್ಟಿಗೆಯನ್ನು ಬಸ್ಸಿನ ತನಕ ಹೊತ್ತು ತಂದವರು ಅವರು. ಅಪ್ಪನನ್ನು ಕಾಣದೆ ಬೆಳೆದ ಹುಡುಗಿಗೆ ಅವರು ಹೇಳಿದ್ದೇ ವೇದವಾಕ್ಯ.

ಅವಳು ಮದುವೆಯಾಗಲಿಲ್ಲ. ಚರ್ಚಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ತಾಯಿಯ ಜೊತೆ ಇದ್ದಳು. ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಅವಳಲ್ಲಿ ಎದ್ದು ಕಾಣುತ್ತಿದ್ದದ್ದೆಂದರೆ ಅವಳ ಅಕ್ಷರ. ಮಣಿ ಪೋಣಿಸಿದಂತೆ ಬರೆಯುತ್ತಿದ್ದಳು. ಸೈನ್ಯಕ್ಕೆ ಹೋದ ಮಗನಿಗೆ ಕಾಗದ ಹಾಕಬೇಕೆಂದರೆ, ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಹುಟ್ಟಿದ ಮಗುವಿನ ಹೆಸರು ಏರಿಸಬೇಕೆಂದರೆ, ಜನ ಅವಳ ಮನೆಗೆ ಬರುತ್ತಿದ್ದರು.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಬೇಸಿಗೆ ರಜೆ ಮುಗಿಯುವ ಮುಂಚೆ ಪ್ರತಿ ಟೀಚರೂ ತನ್ನ ತರಗತಿಗೆ ಬರಲಿರುವ ಪ್ರತಿ ಮಗುವಿನ ಮನೆಗೆ ಹೋಗಬೇಕು. ಮನೆಯ ಮುಂದಿನ ಜಗಲಿಯಲ್ಲಿ ಕೂರಬೇಕು. ಕೊಟ್ಟದ್ದನ್ನು, ಅದು ತಣ್ಣಗಾದ ಬಿಸ್ಕಿಟ್ ರೊಟ್ಟಿಯಾದರೂ ಸರಿ, ತಿನ್ನಬೇಕು. ಮುಖ ನೋಡದ ಟೀಚರ ಕೈಗೆ ಅಲ್ಲಿ ಯಾರೂ ಮಗುವನ್ನು ಒಪ್ಪಿಸುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಹೀಗೆ ಮನೆ ಮನೆ ತಿರುಗಿ, ಯಾವ ಮನೆಯ ನಾಯಿ ಕಚ್ಚುತ್ತದೆ ಎಂಬುದೂ ಓಜೆಲ್ಲಾಳಿಗೆ ತಿಳಿದಿತ್ತು.

ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಬೇರೆ ಬೇರೆ ಶಾಲೆ ಇರಕೂಡದೆಂದು ದೇಶದ ದೊಡ್ಡ ಕೋರ್ಟು ತೀರ್ಪು ಕೊಟ್ಟು ಹನ್ನೆರಡು ವರ್ಷವಾಗಿತ್ತು. ಪೈನ್ ಫೋರ್ಕಿಗೆ ಆ ತೀರ್ಪು ಒಂದು ಫಾರಂ ಆಗಿ ಬಂತು. ೧೯೬೬ರ ವಸಂತದಲ್ಲಿ ಮನೆಗೊಂದು ಫಾರಂ ಹಂಚಿದರು. ಮಗು ಯಾವ ಶಾಲೆಗೆ ಹೋಗಬೇಕೆಂದು ಹೆತ್ತವರೇ ಬರೆದುಕೊಡಬೇಕು. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಬಿಳಿಯರ ಶಾಲೆ ಎಂದು ಬರೆದವನ ಹೆಸರು ಮರುದಿನವೇ ಅವನ ಜಮೀನಿನ ಒಡೆಯನ ಕಿವಿಗೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಫಾರಂಗಳು ಗಡಿಯಾರದ ಹಿಂದೆ, ದಿಂಬಿನ ಕೆಳಗೆ ಸುಮ್ಮನೆ ಬಿದ್ದಿದ್ದವು.

ಫಾರಂ ಜೊತೆ ಟೀಚರುಗಳಿಗೊಂದು ನಿಯಮವೂ ಬಂದಿತ್ತು. ಇದನ್ನೇ ಆರಿಸಿ, ಅದನ್ನೇ ಆರಿಸಿ ಎಂದು ಯಾವ ಟೀಚರೂ ಹೆತ್ತವರಿಗೆ ಹೇಳಕೂಡದು. ಪ್ರೊಫೆಸರ್ ಅದನ್ನು ಸಭೆಯಲ್ಲಿ ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಓಜೆಲ್ಲಾಳನ್ನು ಮರದ ನೆರಳಿಗೆ ಕರೆದರು.

"ಓಜೆಲ್ಲಾ, ನೀನು ಹೋಗಿ ಹೇಳದೆ ಇದ್ರೆ ಒಂದು ಮಗೂನೂ ಆ ಶಾಲೆ ಬಾಗಿಲು ದಾಟಲ್ಲ."

"ಹೇಳಬಾರದು ಅಂತ ನೀವೇ ಓದಿದ್ರಲ್ಲ, ಪ್ರೊಫೆಸರ್?"

"ಓದೋದು ನನ್ನ ಕೆಲಸ, ಓದಿದೆ. ಕಾಗದದ ಮಾತು ಕಾಗದಕ್ಕೆ. ಅಲ್ಲಿ ಹೊಸ ಕಟ್ಟಡ, ವಿಜ್ಞಾನಕ್ಕೇ ಬೇರೆ ಕೋಣೆ. ನಮ್ಮ ಮಕ್ಕಳು ಅವರು ಹರಿದು ಬಿಸಾಕಿದ ಪುಸ್ತಕಕ್ಕೆ ಅಂಟು ಹಚ್ಚಿ ಎಷ್ಟು ವರ್ಷ ಓದಬೇಕು, ಹೇಳು?"

ಓಜೆಲ್ಲಾ ಕೇಳಿದಳು. "ಮಕ್ಕಳೆಲ್ಲ ಅಲ್ಲಿಗೆ ಹೋದ್ರೆ ನಮ್ಮ ಕಥೆ? ಖಾಲಿ ಬೆಂಚಿಗೆ ಮಗ್ಗಿ ಹೇಳಿಕೊಡೋದಾ?"

"ಮಕ್ಕಳ ಹಿಂದೇನೇ ಟೀಚರೂ ಹೋಗ್ತಾರೆ. ಶಿಕ್ಷಣಾಧಿಕಾರಿ ನನ್ನ ಕೈ ಹಿಡಿದು ಮಾತು ಕೊಟ್ಟಿದಾನೆ. ಮೊದಲು ಹೋಗೋಳು ನೀನೇ."

ಅವಳಿಗೆ ಅಷ್ಟು ಸಾಕಾಯಿತು.

ಅದು ಹೊಗೆಸೊಪ್ಪಿನ ಸಸಿ ಕೀಳುವ ಕಾಲ. ಜನರನ್ನು ಮನೆಯಲ್ಲಿ ಹಿಡಿಯುವಂತಿರಲಿಲ್ಲ. ಓಜೆಲ್ಲಾ ಶಾಲೆ ಬಿಟ್ಟ ಕೂಡಲೇ ಹೊಲಗಳಿಗೇ ಹೋದಳು. ಅವರ ಕೆಲಸ ನಿಲ್ಲಬಾರದೆಂದು ತಾನೂ ಪಾತಿಯ ಮೇಲೆ ಹಾಕಿದ ಹಲಗೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಸಸಿ ಕೀಳುತ್ತಾ ಮಾತಾಡಿದಳು. ಜೂನಿಯಸ್ ಬುಲಕ್‌ನ ಪಾತಿಗೂ ಹೋದಳು. ಜೂನಿಯಸ್ ಅವಳ ಓರಗೆಯವನು. ಪ್ರೊಫೆಸರ ಬೆತ್ತದ ರುಚಿಯನ್ನು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಂಡಿದ್ದರು. ಅವನ ಕಿರಿಯ ಮಗಳು ಡೆಲ್ಫೀನ್ ಆ ವರ್ಷ ಮೂರನೇ ತರಗತಿಗೆ ಬರಬೇಕಿತ್ತು.

"ಏ ಎರ್ಲೀನ್, ನೋಡೇ ಇಲ್ಲಿ," ಎಂದು ಜೂನಿಯಸ್ ಹೆಂಡತಿಯನ್ನು ಕೂಗಿದ. "ಕಾಲುಚೀಲ ಹಾಕ್ಕೊಂಡು ಸಸಿ ಕೀಳೋ ಕೂಲಿಯಾಳು ಸಿಕ್ಕಿದಾಳೆ ನಮಗೆ!"

"ನಿನ್ನ ಪಾತೀಲಿ ಇರೋದಕ್ಕಿಂತ ಜಾಸ್ತಿ ಕೆಸರು ನಿನ್ನ ಬಾಯಲ್ಲಿದೆ, ಜೂನಿಯಸ್. ಸರಿ ಆ ಕಡೆ."

ನಗು ನಿಂತ ಮೇಲೆ ಅವಳು ಬಂದ ವಿಷಯ ಹೇಳಿದಳು. ಜೂನಿಯಸ್ ಸಸಿಯ ಬೇರಿನ ಮಣ್ಣು ಕೊಡವುತ್ತಲೇ ಇದ್ದ.

"ಒಡೆಯನಿಗೆ ಗೊತ್ತಾದ್ರೆ ಈ ನೆಲದಲ್ಲಿ ಮುಂದಿನ ಸಸಿ ನಾನು ನೆಡಲ್ಲ. ಅದು ನಿನಗೂ ಗೊತ್ತು."

"ಗೊತ್ತು."

"ನನ್ನ ಮಗಳನ್ನ ಅಲ್ಲಿ ಯಾರು ನೋಡ್ಕೋತಾರೆ? ಅವಳಿಗೆ ಜೋರಾಗಿ ಗದರಿದ್ರೆ ಜ್ವರ ಬರತ್ತೆ."

"ನಾನಿರ್ತೀನಿ, ಅದೇ ಕಟ್ಟಡದಲ್ಲಿ. ಬಸ್ಸಿಳಿದ ಕೂಡಲೇ ನನ್ನ ಮುಖ ಕಾಣತ್ತೆ ಅವಳಿಗೆ. ಪ್ರೊಫೆಸರ್ ಮಾತು ತಗೊಂಡಿದಾರೆ."

"ಪ್ರೊಫೆಸರ್ ಹೇಳಿದಾರಾ?" ಎಂದಳು ಎರ್ಲೀನ್. ಹೌದೆಂದಾಗ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡು ಮನೆಗೆ ಹೋಗಿ ಫಾರಂ ತಂದಳು.

ಜೂನಿಯಸ್‌ಗೆ ಹೆಸರು ಬರೆಯಲು ಬರುತ್ತಿತ್ತು. ಆದರೆ ಅಷ್ಟೊಂದು ಖಾನೆಗಳ ಕಾಗದ ನೋಡಿ ಅದನ್ನು ಅವಳ ಕಡೆ ಚಾಚಿದ. ತಪ್ಪಾದರೆ ತಿರಸ್ಕರಿಸುತ್ತಾರೆಂಬ ಹೆದರಿಕೆ ಎಲ್ಲರಿಗೂ ಇತ್ತು. ಓಜೆಲ್ಲಾ ಕೈತೊಳೆದು, ಜಗಲಿಯಲ್ಲಿ ಕೂತು, ಮಗುವಿನ ಹೆಸರು, ಹುಟ್ಟಿದ ದಿನ, ಶಾಲೆಯ ಹೆಸರು ಎಲ್ಲವನ್ನೂ ತಾನೇ ತುಂಬಿದಳು. ಅವನು ಕೆಳಗೆ ಹೆಸರು ಬರೆದ. ಹೀಗೆ ಮೂರು ವಾರದಲ್ಲಿ ನಲವತ್ತೊಂದು ಫಾರಂಗಳಾದವು. ಒಂದರಲ್ಲೂ ಒಂದು ಚಿತ್ತಿರಲಿಲ್ಲ. ಅವಳು ಅವನ್ನು ಪ್ರೊಫೆಸರ ಕೈಗೆ ಕೊಟ್ಟಳು. ಅವರು ಒಂದೊಂದನ್ನೂ ನೋಡಿ, "ನಿನ್ನ ಕೈ ಎಲ್ಲಿದ್ರೂ ಗುರುತು ಸಿಗತ್ತೆ," ಎಂದು ಚರ್ಮದ ಚೀಲದಲ್ಲಿಟ್ಟರು. ಮೆಚ್ಚಿಕೊಂಡರೆಂದು ಅವಳು ತಿಳಿದಳು.

ಜುಲೈ ಕೊನೆಯಲ್ಲಿ, ಹೊಗೆಸೊಪ್ಪು ಕೊಯ್ಲಿನ ನಡುವೆ, ಅವಳಿಗೆ ಜಿಲ್ಲಾ ಮಟ್ಟದ ಕೌಂಟಿ ಕಚೇರಿಯಿಂದ ಬರಹೇಳಿ ಕಾಗದ ಬಂತು. ಹೊಸ ಶಾಲೆಯ ಕೋಣೆ ತೋರಿಸುವುದಕ್ಕಿರಬೇಕೆಂದು ಅವಳು ನೀಲಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಹೋದಳು. ಶಿಕ್ಷಣಾಧಿಕಾರಿ ಕೂರಲು ಹೇಳಲಿಲ್ಲ. ಬಿಳಿ ಟೀಚರುಗಳನ್ನು ಮಿಸ್ ಎನ್ನುತ್ತಿದ್ದವನು ಇವಳನ್ನು ಬರೀ ಹೆಸರು ಹಿಡಿದು ಕರೆದ. ಮೇಜಿನ ಮೇಲೆ ನಲವತ್ತೊಂದು ಫಾರಂಗಳಿದ್ದವು.

"ಎಂಥಾ ಚೆಂದದ ಅಕ್ಷರ ಓಜೆಲ್ಲಾ ನಿಂದು," ಎಂದ. "ನಲವತ್ತೊಂದು ಮನೆ, ಒಂದೇ ಕೈ. ಹೆತ್ತವರು ಆರಿಸಿದ್ದೋ, ನೀನು ಆರಿಸಿದ್ದೋ?"

"ಅವರು ಹೇಳಿದ್ದು, ನಾನು ಬರೆದದ್ದು ಸಾರ್. ಕೆಳಗೆ ರುಜು ಅವರದ್ದೇ."

"ನಿಯಮ ಗೊತ್ತಿರಲಿಲ್ವಾ ನಿನಗೆ? ನಿಮ್ಮ ಹೆಡ್ಮಾಸ್ಟರು ಎಚ್ಚರ ಹೇಳಿದ್ದೆ ಅಂತ ಬರೆದುಕೊಟ್ಟಿದಾರಲ್ಲ."

ಅವನು ಇನ್ನೊಂದು ಹಾಳೆಯನ್ನು ಅವಳ ಕಡೆ ತಿರುಗಿಸಿದ. ತಾನು ಓದಿ ಹೇಳಿದ್ದರೂ, ಒಬ್ಬಳನ್ನೇ ಕರೆದು ಎಚ್ಚರಿಸಿದ್ದರೂ, ಶಿಕ್ಷಕಿ ಕೇಳಲಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಪ್ರೊಫೆಸರ ಉದ್ದನೆಯ ರುಜು ಇತ್ತು. ಫಾರಂಗಳು ಊರ್ಜಿತ, ಮಕ್ಕಳು ಬರಬಹುದು, ಶಿಕ್ಷಕಿಗೆ ಮಾತ್ರ ಕೌಂಟಿಯ ಯಾವ ಶಾಲೆಯಲ್ಲೂ ಕೆಲಸವಿಲ್ಲ ಎಂದು ಅಧಿಕಾರಿ ಹೇಳಿದ. ಓಜೆಲ್ಲಾ ಆ ಹಾಳೆಯನ್ನು ಎರಡು ಸಲ ಓದಿದಳು. ಮಕ್ಕಳ ಉತ್ತರ ತಿದ್ದುವಾಗ, ತಪ್ಪು ಕಂಡರೂ ಮತ್ತೊಮ್ಮೆ ಓದಿ ಖಾತ್ರಿ ಮಾಡಿಕೊಳ್ಳುವುದು ಅವಳ ಅಭ್ಯಾಸವಾಗಿತ್ತು.

ಅಲ್ಲಿಂದ ಅವಳು ನೆಟ್ಟಗೆ ಪ್ರೊಫೆಸರ ಮನೆಗೆ ನಡೆದಳು. ಅವರು ಜಗಲಿಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಕೌಂಟಿ ಕಚೇರಿಯಲ್ಲಿ ಅವರಿಗೆ ಮೇಜು ಸಿಕ್ಕಿತ್ತು, ಪಠ್ಯಪುಸ್ತಕ ಹಂಚುವ ಕೆಲಸ.

"ಒಬ್ಬಳನ್ನೇ ಕರೆದು ಎಚ್ಚರಿಸಿದ್ರಂತೆ ನನ್ನ," ಎಂದಳು ಓಜೆಲ್ಲಾ. "ಎಲ್ಲಿ ಪ್ರೊಫೆಸರ್? ಆ ಮರದ ಕೆಳಗಾ?"

ಅವರು ತಲೆಯೆತ್ತಲಿಲ್ಲ. "ಕೂತ್ಕೋ."

"ನಿಂತೇ ಇರ್ತೀನಿ. ಇವತ್ತು ಅಭ್ಯಾಸ ಆಯ್ತು."

"ನಮ್ಮ ಶಾಲೇನ ಪೂರ್ತಿ ಮುಚ್ಚೋದು ಈ ಬೇಸಿಗೇಲೇ ಖಾಯಂ ಆಗಿತ್ತು ಓಜೆಲ್ಲಾ. ಏಳು ಜನ ಟೀಚರನ್ನೂ ಮನೆಗೆ ಕಳಿಸ್ತೀವಿ ಅಂದ್ರು. ನಿಯಮ ಮುರಿದೋರು ಅಂತ ಒಂದು ಹೆಸರು ಕೊಟ್ರೆ ನಾಲ್ಕು ಜನಕ್ಕೆ ಅಲ್ಲಿ ಇಲ್ಲಿ ಜಾಗ ಮಾಡ್ತೀವಿ ಅಂದ್ರು. ಕೊಟ್ಟೆ."

"ನಾಲ್ಕರಲ್ಲಿ ಒಂದು ಜಾಗ ನಿಮ್ಮದು."

"ನನಗೂ ವಯಸ್ಸಾಯ್ತು."

"ನನ್ನ ಹೆಸರೇ ಯಾಕೆ?"

ಆಗ ಅವರು ಅವಳನ್ನು ನೋಡಿದರು. ಆ ನೋಟದಲ್ಲಿ ಪ್ರೀತಿಯೂ ಇತ್ತು. ಅವಳಿಗೆ ತಡೆಯಲಾಗದೇ ಹೋದದ್ದು ಅದೇ. "ಬೇರೆಯವರಿಗೆ ಗಂಡ ಮಕ್ಕಳು ಇದಾರೆ. ನೀನು ತಡ್ಕೋತೀಯ. ನಾನು ಬೆಳೆಸಿದ ಹುಡುಗಿ ನೀನು."

"ಫಾರಂ ಬರೀ ಅಂತ ಹೇಳೋವಾಗ್ಲೇ ಇದು ಗೊತ್ತಿತ್ತಾ?"

ಅವರು ಇನ್ನೊಂದು ಪುಸ್ತಕವನ್ನು ಪೆಟ್ಟಿಗೆಗೆ ಇಟ್ಟರು. "ಊರಲ್ಲಿ ಹೇಳಬೇಡ," ಎಂದರು. "ಈಗ ಹೇಳಿದ್ರೆ ಜನ ಹೆದರಿ ಮಕ್ಕಳನ್ನ ಮನೇಲೇ ಇಟ್ಕೋತಾರೆ. ಹೋಗೋದೇ ಬೇಡ ಅನ್ನಿಸಿಬಿಡತ್ತೆ. ನೀನು ಪಟ್ಟ ಕಷ್ಟ ನೀರಲ್ಲಿ ಹೋಮ ಆಗತ್ತೆ."

ಅವಳು ತಿರುಗಿ ನೋಡದೆ ಗೇಟು ದಾಟಿದಳು. ಆದರೆ ಅವರ ಮಾತು ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಒಮ್ಮೆ ಕೊಟ್ಟ ಫಾರಂ ಒಂದು ವರ್ಷದ ತನಕ ಹಿಂದಕ್ಕೆ ಪಡೆಯುವಂತಿರಲಿಲ್ಲ. ಮಕ್ಕಳು ಅಲ್ಲಿಗೆ ಹೋಗಲೇಬೇಕು. ತಾನು ಅಲ್ಲಿರುವುದಿಲ್ಲ ಎಂಬುದನ್ನಾದರೂ ತನ್ನ ಬಾಯಿಂದಲೇ ಕೇಳಲಿ ಎಂದು ಆಗಸ್ಟಿನಲ್ಲಿ ಅವಳು ಮತ್ತೆ ಮನೆ ಮನೆ ತಿರುಗಿದಳು. ನನ್ನ ಕೆಲಸ ಹೋಯಿತು, ಕೊಟ್ಟ ಮಾತು ನಡೆಸಲಾಗಲಿಲ್ಲ ಎಂದಷ್ಟೇ ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಕೆಲವರು ಅಯ್ಯೋ ಎಂದರು. ಕೆಲವರು ಈ ಸಲ ಜಗಲಿಗೆ ಕರೆಯಲಿಲ್ಲ.

ಬುಲಕ್‌ರ ಮನೆಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಅವರು ಸೊಪ್ಪು ಒಣಗಿಸುವ ಕೊಟ್ಟಿಗೆಯ ನೆರಳಿನಲ್ಲಿ ಎಲೆ ಕಟ್ಟುತ್ತಿದ್ದರು. ಡೆಲ್ಫೀನ್ ಮೂರು ಮೂರು ಎಲೆ ಜೋಡಿಸಿ ಕೊಡುವುದು, ಎರ್ಲೀನ್ ಅದನ್ನು ದಾರದಲ್ಲಿ ಕೋಲಿಗೆ ಸುತ್ತುವುದು. ಇಬ್ಬರ ಕೈಗಳೂ ಎಲೆಯ ಅಂಟಿನಿಂದ ಟಾರಿನಂತೆ ಕಪ್ಪಾಗಿದ್ದವು. ಓಜೆಲ್ಲಾ ಹೇಳಬೇಕಾದ್ದನ್ನು ಹೇಳಿ ಮುಗಿಸಿದಳು.

"ಬೆಳೆ ಮಾರಿದ ಮಾರನೇ ದಿನ ಮನೆ ಖಾಲಿ ಮಾಡು ಅಂದಿದಾನೆ ಒಡೆಯ," ಎಂದ ಜೂನಿಯಸ್. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ಚೆನ್ನಾಗಿತ್ತು. "ನನ್ನ ನೆಲ ಹೋಯ್ತು. ನಿನ್ನ ಕೆಲಸ ಹೋಯ್ತು. ಮಗು ಒಂದೇ ಆ ಶಾಲೆಗೆ ಹೋಗಬೇಕು. ಇದನ್ನ ಯಾರು ಮಾಡಿದ್ದು ಓಜೆಲ್ಲಾ?"

ಅವನು ನಿಜವಾಗಿಯೂ ಕೇಳುತ್ತಿದ್ದ. ನೆಲ ಕಳೆದುಕೊಂಡವನಿಗೆ ಅದನ್ನು ತಿಳಿಯುವ ಹಕ್ಕಿದೆ ಎಂದು ಅವಳಿಗೆ ಅನ್ನಿಸಿತು. ಮನಸ್ಸಿನಲ್ಲಿ ಹಿಡಿದಿಟ್ಟದ್ದು ಬಾಯಿಗೆ ಬಂತು.

"ಪ್ರೊಫೆಸರ್," ಎಂದಳು. ಮರದ ಕೆಳಗಿನ ಮಾತಿನಿಂದ ಹಿಡಿದು ಕಚೇರಿಯ ಹಾಳೆಯ ತನಕ ಎಲ್ಲವನ್ನೂ, ಒಂದೂ ಬಿಡದೆ, ನಡೆದ ಕ್ರಮದಲ್ಲೇ ಹೇಳಿದಳು.

ಎರ್ಲೀನ್ ಸುತ್ತುವುದನ್ನು ನಿಲ್ಲಿಸಿದಳು. "ಅಷ್ಟು ಸಾಕು ಮಿಸ್ ಓಜೆಲ್ಲಾ. ನಿಮ್ಮ ತಪ್ಪನ್ನ ಆ ಮುದುಕರ ತಲೆಗೆ ಕಟ್ಟಬೇಡಿ."

"ನಾನು ಸುಳ್ಳು ಹೇಳಿದ್ದು ನೋಡಿದೀಯಾ ಜೂನಿಯಸ್, ಯಾವತ್ತಾದ್ರೂ?"

ಜೂನಿಯಸ್ ಟೋಪಿ ತೆಗೆದು ಬೆವರು ಒರೆಸಿದ. "ಪ್ರೊಫೆಸರ್ ಹೋದ ವಾರ ಬಂದಿದ್ರು. ಇಲ್ಲೇ ಕೂತು ಮೆಕ್ಕೆಜೋಳದ ಕಾರ್ನ್‌ಬ್ರೆಡ್ ತಿಂದ್ರು. ನೀನು ಬರ್ತೀಯ, ಹೀಗೇ ಏನಾದ್ರೂ ಹೇಳ್ತೀಯ ಅಂದಿದ್ರು. ಪಾಪ, ಕೆಲಸ ಹೋಗಿ ತಲೆ ಕೆಟ್ಟಿದೆ, ಯಾರೂ ಬೈಬೇಡಿ ಅವಳನ್ನ ಅಂತ ಕೇಳ್ಕೊಂಡ್ರು." ಟೋಪಿಯನ್ನು ಮತ್ತೆ ತಲೆಗಿಟ್ಟು ಹೇಳಿದ, "ಎಲ್ಲಾರ ಮನೆಗೂ ಹೋಗಿದ್ರಂತೆ."

ಹಾಗಾದರೆ ಆ ಮನೆಗಳಲ್ಲಿ ಅವಳು ಯಾರ ಹೆಸರೂ ಎತ್ತದೆ ಪ್ರೊಫೆಸರ ಮಾನ ಕಾಪಾಡುತ್ತಿದ್ದಾಗ, ಜನ ಅವಳ ಬಾಯಿಂದ ಆ ಹೆಸರು ಯಾವಾಗ ಬೀಳುತ್ತದೆಂದು ಕಾಯುತ್ತಾ ಕೂತಿದ್ದರು. ಡೆಲ್ಫೀನ್ ಎಲೆಗಳನ್ನು ಹಿಡಿದೇ ನಿಂತಿದ್ದಳು, ತೆಗೆದುಕೊಳ್ಳುವವರಿರಲಿಲ್ಲ.

ಆ ಭಾನುವಾರ ಓಜೆಲ್ಲಾ ಚರ್ಚಿಗೆ ಹೋದಳು. ಹೋಗದಿದ್ದರೆ ತಲೆ ಕೆಟ್ಟಿದೆ ಎಂಬ ಮಾತಿಗೆ ಅದೇ ಒಂದು ಸಾಕ್ಷಿಯಾಗುತ್ತದೆಂದು ಹೋದಳು. ಮೊದಲ ಸಾಲಿನಿಂದ ಪ್ರೊಫೆಸರ್ ಎದ್ದು, ನಮ್ಮ ಸೋದರಿ ಓಜೆಲ್ಲಾಳ ಮನಸ್ಸಿಗೆ ದೇವರು ಶಾಂತಿ ಕೊಡಲಿ ಎಂದು ಪ್ರಾರ್ಥಿಸಿದರು. ಅವರ ದನಿ ಒಡೆಯಿತು. ಇಡೀ ಚರ್ಚು ಆಮೆನ್ ಎಂದಿತು. ಜೂನಿಯಸ್ ಕೂಡ ಅಂದ. ಅವಳ ಪಕ್ಕದಲ್ಲಿದ್ದ ಮುದುಕಿ ಕನಿಕರದಿಂದ ಅವಳಿಗೆ ಬೀಸಣಿಗೆಯಲ್ಲಿ ಗಾಳಿ ಹಾಕತೊಡಗಿದಳು.

ಓಜೆಲ್ಲಾ ಆ ಬೀಸಣಿಗೆಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ ಎದ್ದಳು. "ಆಮೆನ್ ಅಂದೋರು ಒಬ್ಬರಾದ್ರೂ ನನ್ನ ಏನಾಯ್ತು ಅಂತ ಕೇಳಿದ್ರಾ?" ಎಂದಳು. ಜೋರಾಗಿ ಹೇಳಲಿಲ್ಲ, ತರಗತಿಯಲ್ಲಿ ಕೇಳುವಂತೆ ಕೇಳಿದಳು. ಯಾರೋ ಪಿಯಾನೋ ನುಡಿಸಲು ಶುರು ಮಾಡಿದರು. ಅವಳು ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದಳು.

ಶಾಲೆ ಶುರುವಾಗುವ ಸೋಮವಾರ ಬಸ್ಸು ಬಂದಾಗ ಅವಳು ನಿಲ್ದಾಣದಲ್ಲಿದ್ದಳು. ತಾಯಂದಿರು ಅವಳಿಂದ ನಾಲ್ಕು ಹೆಜ್ಜೆ ದೂರ ಗುಂಪಾಗಿ ನಿಂತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿದರು. ಡೆಲ್ಫೀನ್ ಕಿಟಕಿಯ ಪಕ್ಕ ಕೂತು ಅವಳ ಕಡೆ ನೋಡಿ ಕೈ ಎತ್ತಬೇಕೋ ಬೇಡವೋ ಎಂದು ತಾಯಿಯ ಮುಖ ನೋಡಿದಳು. ಎರ್ಲೀನ್ ಬೇಡವೆಂದು ತಲೆಯಾಡಿಸಿದಳು. ಮಗು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿತು. ಬಸ್ಸು ಹೊರಟಿತು.