ಒಂದೂವರೆ ವರ್ಷ ದೊಡ್ಡವನಾದ ಮಾದೇಶ

ಮೈದಾನದಲ್ಲಿ ಉಳಿದವರೆಲ್ಲ ಓಡುತ್ತಿರುವಾಗ ಮಾದೇಶ ಒಬ್ಬನೇ ನಿಂತಿರುತ್ತಿದ್ದ. ಸಿಟಿ ಬಸ್ಸಿಗೆ ಕಾಯುವವನ ಹಾಗೆ ಒಂದು ಕೈ ಸೊಂಟದ ಮೇಲಿಟ್ಟು ಎತ್ತಲೋ ನೋಡುತ್ತಾ ನಿಲ್ಲುವನು. ಮೊದಲ ಸಲ ನೋಡಿದವರು, ಈ ಸೋಮಾರಿಗೆ ಯಾಕೆ ಸಂಬಳ ಕೊಡುತ್ತಾರೆ ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಚೆಂಡು ಎಲ್ಲೆಲ್ಲೋ ಸುತ್ತಿ, ಯಾರ್ಯಾರ ಕಾಲಿಗೋ ತಗುಲಿ, ಅವನ ಮುಂದೆಯೇ ಬಂದು ಬೀಳುತ್ತಿತ್ತು. ಅವನು ಒಂದು ಹೆಜ್ಜೆ ಇಟ್ಟು ಒಂದು ಸಲ ಒದೆಯುತ್ತಿದ್ದ. ಗೋಲು. ಬೆಂಗಳೂರು, ಗೋವಾ, ಕೋಲ್ಕತ್ತಾ ಎಲ್ಲ ಕಡೆ ಹದಿನೈದು ವರ್ಷ ಅವನು ದುಡಿದು ತಿಂದದ್ದು ಇದರಿಂದಲೇ. ಮುನ್ನೂರು ಸಲ ನೋಡಿದ್ದೇನೆ. ಅದು ಹೇಗೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಪಕ್ಕದ ಮನೆ ಜಯಮ್ಮನ ಮಗ. ನಾವಿಬ್ಬರೂ ಮಂಡಿ ಮೊಹಲ್ಲಾದ ಒಂದು ಮಳಿಗೆಯಲ್ಲಿ ಒಣಮೆಣಸಿನಕಾಯಿ ತೊಟ್ಟು ಮುರಿಯುವವರು. ಒಂದೇ ವಠಾರ, ಒಂದೇ ನಲ್ಲಿ. ಅವಳ ಗಂಡ ಮೂಟೆ ಹೊರುತ್ತಿದ್ದ. ಮಗ ತೆವಳುವ ಹೊತ್ತಿಗೆ ಯಾವಳನ್ನೋ ಕಟ್ಟಿಕೊಂಡು ಹೊರಟುಹೋದ. ಒಳ್ಳೆಯದೇ ಆಯಿತು, ಕುಡುಕ.

ಮಗುವನ್ನು ಬಿಡುವುದಕ್ಕೆ ಜಾಗವಿಲ್ಲದೆ ಜಯಮ್ಮ ಮಳಿಗೆಗೇ ಕರೆದುಕೊಂಡು ಬರುತ್ತಿದ್ದಳು. ಮೆಣಸಿನಕಾಯಿ ಘಾಟಿಗೆ ನಾವು ದೊಡ್ಡವರೇ ಕೆಮ್ಮುತ್ತೇವೆ. ಅದಂತೂ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿತ್ತು. ಒಂದು ದಿನ ನಾನೇ ಹೇಳಿದೆ.

"ಇಸ್ಕೂಲಿಗೆ ಹಾಕ್ಬುಡೆ ಇವನ್ನ."

"ಇನ್ನೂ ನಾಕೂವರೆ ಕಣಕ್ಕ. ಸೇರಿಸ್ಕೊಳಕ್ಕಿಲ್ಲ."

"ಆರು ಅಂತ ಹೇಳು."

"ಸುಳ್ಳು ಹೇಳಕ್ಕೆ ನಂಗೆ ಬರಕ್ಕಿಲ್ಲ."

"ನಂಗೆ ಬತ್ತದೆ. ನಾನು ಕರ್ಕೊಂಡೋಗ್ತೀನಿ."

ಆಗ ಮಗುವಿನ ವಯಸ್ಸು ನೋಡುವುದಕ್ಕೆ ಒಂದು ಕ್ರಮವಿತ್ತು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸಬೇಕು. ಮುಟ್ಟಿದರೆ ಶಾಲೆಗೆ ಬಂದ ವಯಸ್ಸು, ಮುಟ್ಟದಿದ್ದರೆ ಮುಂದಿನ ವರ್ಷ. ನಾನು ಒಂದು ವಾರ ಮನೆಯಲ್ಲಿ ಅವನಿಗೆ ಅದನ್ನೇ ಮಾಡಿಸಿದೆ. ಕತ್ತು ವಾಲಿಸು, ಭುಜ ಎತ್ತು, ಬೆರಳು ಚಾಚು. ಒಂದು ಸಲ ಮುಟ್ಟಿದರೆ ಒಂದು ಕಡಲೆಮಿಠಾಯಿ ಚೂರು. ಹೆಡ್ಮಾಸ್ಟರ ಮುಂದೆ ಅವನು ಕತ್ತನ್ನು ಕೋಳಿಯ ಹಾಗೆ ತಿರುಚಿ ಕಿವಿಯನ್ನು ಹಿಡಿದುಕೊಂಡೇ ನಿಂತ, ಬಿಡಲೇ ಇಲ್ಲ.

"ನೋಡಿದರೆ ನಾಲ್ಕರ ಹಾಗಿದ್ದಾನಲ್ಲಮ್ಮ," ಎಂದರು ಹೆಡ್ಮಾಸ್ಟರು.

"ಅವರಪ್ಪ ಕುಳ್ಳ ಸ್ವಾಮಿ," ಎಂದೆ. ಅವರಪ್ಪ ಆರಡಿ ಆಳು. ಅಳೆಯುವುದಕ್ಕೆ ಯಾರು ಬರುತ್ತಾರೆ.

ಅವರಿಗೂ ಒಂದನೇ ಕ್ಲಾಸಿಗೆ ಮಕ್ಕಳ ಎಣಿಕೆ ಸಾಲದಾಗಿತ್ತು. ನಕ್ಕು, ಜೂನ್ ಒಂದು ಎಂದು ಒಂದು ಹುಟ್ಟಿದ ತಾರೀಖು ಅವರೇ ಬರೆದುಕೊಂಡರು. ಅವನು ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ. ಹಾಗೆ ನಿಂತ ನಿಲುವಿನಲ್ಲೇ ಮಾದೇಶ ಒಂದೂವರೆ ವರ್ಷ ದೊಡ್ಡವನಾದ. ನಾನು ಮಳಿಗೆಗೆ ವಾಪಸ್ಸು ಬಂದು ಜಯಮ್ಮನಿಗೆ, "ಮುಗೀತು," ಎಂದೆ. ಮುಗಿದಿರಲಿಲ್ಲ.

ಓದು ಅವನ ತಲೆಗೆ ಹತ್ತಲಿಲ್ಲ. ನನ್ನದೂ ಎರಡನೇ ಕ್ಲಾಸಿಗೆ ನಿಂತದ್ದು, ಅದರಲ್ಲಿ ನಾನು ಬೈಯುವ ಹಾಗಿಲ್ಲ. ಬೆಳಿಗ್ಗೆ ಹೊತ್ತು ರಶೀದ್ ಸಾಹೇಬರ ಹತ್ತಿರ ಆಡುತ್ತಿದ್ದ. ಅವರದು ನಮ್ಮ ಮೊಹಲ್ಲಾದಲ್ಲೇ ಸೈಕಲ್ ರಿಪೇರಿ ಅಂಗಡಿ. ಅಂಗಡಿ ತೆಗೆಯುವುದಕ್ಕೆ ಮುಂಚೆ ಹುಡುಗರನ್ನು ಸೇರಿಸಿ ಫುಟ್‌ಬಾಲ್ ಆಡಿಸುವರು, ಕಾಸು ಕೇಳುತ್ತಿರಲಿಲ್ಲ. ಜಯಮ್ಮನ ಸೀರೆಯೂ ಇವನ ಅಂಗಿಯೂ ಒಂದೇ ಬಕೆಟ್ಟಿನಲ್ಲಿ ನೆನೆಯುತ್ತಿದ್ದದ್ದರಿಂದ ಇವನ ಪಕ್ಕ ನಿಂತವರಿಗೆ ಸೀನು ಬರುತ್ತಿತ್ತು. ಹುಡುಗರು ಇವನನ್ನು ಖಾರದಪುಡಿ ಎಂದು ಕರೆದರು. ಅವರು ಸೀನಿ ಮುಗಿಸುವುದರೊಳಗೆ ಇವನು ಚೆಂಡು ತೆಗೆದುಕೊಂಡು ಹೋಗಿರುತ್ತಿದ್ದ. ಇದು ತಮಾಷೆಗೆ ಹೇಳುವುದಲ್ಲ, ರಶೀದ್ ಸಾಹೇಬರೇ ಬಂದು ಬಟ್ಟೆ ಬೇರೆ ಒಗೆಯಿರಿ ಎಂದು ಹೇಳಿ ಹೋಗಿದ್ದರು.

ಹನ್ನೆರಡು ಮುಗಿದು ಹದಿಮೂರು ನಡೆಯುವಾಗ ಜಿಲ್ಲೆಯ ತಂಡಕ್ಕೆ ಹುಡುಗರನ್ನು ಆರಿಸಿದರು. ಹದಿನಾಲ್ಕರ ಒಳಗಿನವರ ತಂಡ. ಇವನನ್ನು ಆರಿಸಿದರು, ಕಾಗದ ನೋಡಿದರು, ವಾಪಸ್ಸು ಕಳಿಸಿದರು. ಕಾಗದದಲ್ಲಿ ಹದಿನಾಲ್ಕು ದಾಟಿತ್ತು. ಇವನ ಜಾಗಕ್ಕೆ ಹೋದ ಹುಡುಗನನ್ನು ನಾನು ಕಣ್ಣಾರೆ ಕಂಡೆ. ಅವತ್ತು ಬೆಳಿಗ್ಗೆ ತಾನೇ ಮೀಸೆ ಬೋಳಿಸಿಕೊಂಡು ತುಟಿಯ ಮೇಲೆ ಗಾಯ ಮಾಡಿಕೊಂಡಿದ್ದ. ಮಾದೇಶ ಅಳಲಿಲ್ಲ. ಮೂರು ದಿನ ಮನೆಯಿಂದ ಆಚೆಗೆ ಬರಲಿಲ್ಲ ಅಷ್ಟೆ. ನಾನು ಸೈಕಲ್ ಅಂಗಡಿಗೆ ಹೋಗಿ ಇದ್ದದ್ದನ್ನು ಹೇಳಿದೆ. ರಶೀದ್ ಸಾಹೇಬರು ಕೈಯಲ್ಲಿದ್ದ ಚೈನನ್ನು ಕೆಳಗಿಟ್ಟರು.

"ಏನಮ್ಮ ಚಿಕ್ಕತಾಯಮ್ಮ, ಊರಲ್ಲಿ ಎಲ್ಲಾರೂ ವಯಸ್ಸು ಇಳಿಸ್ಕೊಂಡು ಬರ್ತಾರೆ. ಏರಿಸಿರೋದು ನೀವೊಬ್ರೇ."

"ಸರಿ ಮಾಡಕ್ಕಾಗಕ್ಕಿಲ್ವಾ ಸಾಹೇಬ್ರೆ?"

"ಹುಟ್ಟಿದ್ದು ಎಲ್ಲಾದ್ರೂ ಬರ್ಸಿದ್ದೀರಾ?"

"ಎಲ್ಲೂ ಇಲ್ಲ. ವಠಾರದಾಗೇ ಹುಟ್ಟಿದ್ದು. ನಾನೇ ಎತ್ಕೊಂಡೆ."

"ಹಂಗಾದ್ರೆ ಕೋರ್ಟಿಗೆ ಹೋಗ್ಬೇಕು. ನಾನು ಸುಳ್ಳು ಹೇಳ್ದೆ ಅಂತ ನೀವು ಅಲ್ಲಿ ಹೇಳ್ಬೇಕು."

ಕೋರ್ಟು ಎಂದ ಕೂಡಲೇ ನನ್ನ ಬಾಯಿ ಕಟ್ಟಿಹೋಯಿತು. ಹೆಡ್ಮಾಸ್ಟರ ಮುಂದೆ ಅಷ್ಟು ಓಡಿದ ಬಾಯಿ. ಜೈಲಿಗೆ ಹಾಕಿದರೆ ಎಂದು ಹೆದರಿದೆ. ಆಗ ಹೋಗಿ ಹೇಳಬಹುದಿತ್ತು, ಹೋಗಲಿಲ್ಲ. ಇದಕ್ಕೆ ನನ್ನ ಹತ್ತಿರ ಬೇರೆ ಸಮಜಾಯಿಷಿ ಇಲ್ಲ.

ಚಿಕ್ಕವರ ಜೊತೆ ಸೇರಿಸದಿದ್ದರೆ ದೊಡ್ಡವರ ಜೊತೆ ಆಡಲಿ ಎಂದು ರಶೀದ್ ಸಾಹೇಬರು ಅವನನ್ನು ಕಡಕೊಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಾರ್ಖಾನೆಗಳ ಕೆಲಸಗಾರರು ತಂಡ ಕಟ್ಟಿಕೊಂಡು ಆಡುತ್ತಿದ್ದರು. ಒಬ್ಬೊಬ್ಬರ ತೊಡೆ ಇವನ ಸೊಂಟದಷ್ಟು. ಜಯಮ್ಮ ನನ್ನನ್ನೂ ಜೊತೆಗೆ ಕಳಿಸಿದ್ದಳು, ಏನಾದರೂ ಆದರೆ ಎತ್ತಿಕೊಂಡು ಬರುವುದಕ್ಕೆ. ಅರ್ಧ ಆಟದ ತನಕ ಅವನು ಬಿದ್ದದ್ದೇ ಬಿದ್ದದ್ದು. ಒಬ್ಬ ಭುಜ ತಗುಲಿಸಿದರೆ ಸಾಕು, ಮಾರು ದೂರ ಹೋಗಿ ಬೀಳುತ್ತಿದ್ದ. ಆಮೇಲೆ ಅವನು ಗುಂಪನ್ನು ಬಿಟ್ಟು ಆಚೆ ಹೋದ. ಒಂದು ಕಡೆ ಸುಮ್ಮನೆ ನಿಂತ. ಹೆದರಿದ ಎಂದುಕೊಂಡೆ. ಆ ದೊಡ್ಡ ಗಂಡಸರೆಲ್ಲ ಒಬ್ಬರನ್ನೊಬ್ಬರು ದೂಡಿಕೊಂಡು ಬೆವರು ಹರಿಸುತ್ತಿದ್ದರು. ಚೆಂಡು ಅವರ ಕಾಲಿನ ಕಾಡಿನಿಂದ ತಪ್ಪಿಸಿಕೊಂಡು ಉರುಳಿ ಉರುಳಿ ಇವನ ಹತ್ತಿರ ಬಂತು. ಎರಡು ಸಲ ಹಾಗೇ ಆಯಿತು. ಎರಡೂ ಗೋಲು. ಆಚೆ ತಂಡದ ಗೋಲ್‌ಕೀಪರು ಕೈ ಚೆಲ್ಲಿ, "ಈ ಮಗು ಎಲ್ಲಿತ್ರಯ್ಯಾ?" ಎಂದು ತನ್ನವರನ್ನೇ ಕೇಳಿದ.

ಬರುವಾಗ ಬಸ್ಸಿನಲ್ಲಿ ಕೇಳಿದೆ.

"ಯಾಕ್ಲಾ ಅಲ್ಲೋಗಿ ನಿಂತ್ಕೊಂಡೆ?"

"ಅಲ್ಲಿ ಯಾರೂ ಇರ್ಲಿಲ್ಲ ದೊಡ್ಡವ್ವ. ಅದಕ್ಕೇ ಹೋದೆ."

"ಚೆಂಡು ಅಲ್ಲಿಗೇ ಬತ್ತದೆ ಅಂತ ಯಾರು ಹೇಳಿದ್ರು?"

"ಇನ್ನೆಲ್ಲಿಗೆ ಹೋಯ್ತದೆ?" ಎಂದ.

ಅವನಿಗೆ ಅದು ಅಷ್ಟು ಸಲೀಸಾಗಿ ಕಾಣುತ್ತಿತ್ತು. ದೊಡ್ಡವರ ಜೊತೆ ದೂಡಾಡುವ ಶಕ್ತಿಯಿಲ್ಲದೆ ಅವನು ಖಾಲಿ ಜಾಗ ಹುಡುಕುವುದನ್ನು ಕಲಿತ ಎಂದು ರಶೀದ್ ಸಾಹೇಬರು ಹೇಳುತ್ತಿದ್ದರು. ನನಗೆ ಸಮಾಧಾನವಾಗಲಿ ಎಂದೇ ಹೇಳಿರಬೇಕು. ಅಂಥ ಖಾಲಿ ಜಾಗಗಳಲ್ಲಿ ನಿಂತ ಹುಡುಗರು ನೂರಾರು ಜನ ಇದ್ದಾರೆ. ಅವರ ಹತ್ತಿರಕ್ಕೆ ಚೆಂಡು ಬರುವುದಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದು. ಬೆಂಗಳೂರಿನ ಕ್ಲಬ್ಬಿನವರು ಕರೆದುಕೊಂಡು ಹೋದರು. ಟಿವಿಯಲ್ಲಿ ಬಂದ. ಅಮ್ಮನಿಗೆ ಮನೆ ಕಟ್ಟಿಸಿದ, ತೊಟ್ಟು ಮುರಿಯುವುದನ್ನು ಬಿಡು ಎಂದ. ಅವಳು ಬಿಡಲಿಲ್ಲ. ಹೊಸ ಮನೆಯಲ್ಲಿ ಮಾತಾಡುವುದಕ್ಕೆ ಯಾರೂ ಇಲ್ಲ ಎಂದು ದಿನಾ ಮಳಿಗೆಗೆ ಬಂದು ನನ್ನ ಪಕ್ಕ ಕೂರುತ್ತಿದ್ದಳು.

ಒಂದು ಸಲ ನಮ್ಮಿಬ್ಬರನ್ನೂ ಆಟ ನೋಡುವುದಕ್ಕೆ ಬೆಂಗಳೂರಿಗೆ ಕರೆಸಿಕೊಂಡ. ಅಷ್ಟು ಜನವನ್ನು ನಾನು ದಸರಾದಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಜಯಮ್ಮ ಕೂತ ಗಳಿಗೆಯಿಂದ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಮಗನನ್ನು ಯಾರಾದರೂ ಒದ್ದುಬಿಟ್ಟರೆ ಎಂದು ಅವಳಿಗೆ ಭಯ. ನಾನು ನೋಡಿ ಹೇಳಬೇಕು.

"ಏನ್ ಮಾಡ್ತಾವ್ನೆ ಅಕ್ಕ?"

"ನಿಂತವ್ನೆ."

"ಈಗ?"

"ಈಗ್ಲೂ ನಿಂತವ್ನೆ."

ಇನ್ನೇನು ಆಟ ಮುಗಿಯಬೇಕು, ಆಗ ಚೆಂಡು ಆಕಾಶದಿಂದ ಇಳಿಯಿತು. ಮೂರು ಜನ ಅದಕ್ಕಾಗಿ ಎಗರಿದರು. ಇವನು ಎಗರಲಿಲ್ಲ, ಎರಡು ಹೆಜ್ಜೆ ಹಿಂದಕ್ಕೆ ಹೋದ. ಆ ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಚೆಂಡು ಇವನ ಎದೆಗೆ ಬಂದು, ಎದೆಯಿಂದ ಜಾರಿ, ನೆಲ ಮುಟ್ಟುವುದಕ್ಕೆ ಮುಂಚೆ ಬಲೆಯೊಳಗಿತ್ತು. ಅಷ್ಟೂ ಜನ ಒಂದೇ ಸಲ ಎದ್ದು ಮಾದೇಶ, ಮಾದೇಶ ಎಂದು ಕೂಗಿದರು. ಕೂತಿದ್ದ ಸಿಮೆಂಟು ನಡುಗಿತು. ಜಯಮ್ಮ ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿದು, "ಏನ್ ತಪ್ ಮಾಡ್ದ ಅಕ್ಕ, ಎಲ್ಲಾ ಸೇರಿ ಯಾಕಂಗೆ ಬಯ್ತಾವ್ರೆ?" ಎಂದಳು. ಕಿವಿ ಮುಟ್ಟುವುದನ್ನು ನಾನು ಕಲಿಸಿದ ಮಗುವಿನ ಹೆಸರನ್ನು ಊರಿಗೆ ಊರೇ ಕೂಗುತ್ತಿತ್ತು. ಅವನು ಮಾತ್ರ ಒಂದು ಕೈ ಎತ್ತಿ, ಇಳಿಸಿ, ಮತ್ತೆ ತನ್ನ ಜಾಗಕ್ಕೆ ನಡೆದುಕೊಂಡು ಹೋದ.

ಜಯಮ್ಮ ತೀರಿಹೋಗಿ ಮೂರು ವರ್ಷ. ಅದಾದ ಮೇಲೆ, ಹೋದ ವರ್ಷ, ಕ್ಲಬ್ಬಿನವರು ಅವನನ್ನು ಬಿಟ್ಟರು. ಪಕ್ಕದ ಮನೆ ಹುಡುಗಿ ಮೊಬೈಲಿನಲ್ಲಿ ಓದಿ ಹೇಳಿದಳು. ಮೂವತ್ತನಾಲ್ಕಾಯಿತು, ವಯಸ್ಸಾದವರನ್ನು ಇನ್ನೊಂದು ಅವಧಿಗೆ ಇಟ್ಟುಕೊಳ್ಳುವುದಿಲ್ಲ ಎಂದು ಬರೆದಿದ್ದರಂತೆ. ಮೂವತ್ತನಾಲ್ಕು ಯಾರಿಗೆ ಆಯಿತು? ಮೂವತ್ತೆರಡೂವರೆ ಅವನಿಗೆ. ನನಗೆ ಅನ್ನ ಇಳಿಯಲಿಲ್ಲ. ಒಂದು ಸಲ ಅವನ ಒಂದೂವರೆ ವರ್ಷ ತಿಂದಿದ್ದೆ, ಈಗ ಎರಡನೇ ಸಲ.

ಮಾರನೇ ದಿನವೇ ಯಾದವಗಿರಿಗೆ ಹೋದೆ. ನಮ್ಮ ಸಾಹುಕಾರರ ಕಾಗದಪತ್ರ ನೋಡುವ ವಕೀಲರ ಮನೆ ಅಲ್ಲಿದೆ. ಎಲ್ಲವನ್ನೂ ಹೇಳಿ, ಬರೆದುಕೊಳ್ಳಿ ಎಂದೆ.

"ಈಗ ಕೋರ್ಟು ಅಂದ್ರೆ ಹೆದರಿಕೆ ಇಲ್ವೇನಮ್ಮ?" ಎಂದು ಅವರು ನಕ್ಕರು.

"ಎಪ್ಪತ್ತಾರು ಸ್ವಾಮಿ ನಂಗೆ. ಎಷ್ಟು ದಿನ ಅಂತ ಒಳಗಿಟ್ಕೊತಾರೆ?"

ಇದಕ್ಕೆಲ್ಲ ಜೈಲು ಇಲ್ಲ ಎಂದರು. ಎಷ್ಟು ವರ್ಷ ಸುಮ್ಮನೆ ಹೆದರಿದ್ದೆ. ಛಾಪಾ ಕಾಗದದ ಮೇಲೆ ಬರೆಸಿದರು. ಶಾಲೆಯಲ್ಲಿ ಸುಳ್ಳು ಹೇಳಿದವಳು ನಾನು, ಹುಟ್ಟಿದಾಗ ಎತ್ತಿಕೊಂಡವಳೂ ನಾನು ಎಂದು. ಮಾದೇಶನಿಗೆ ಫೋನು ಮಾಡಿಸಿ, ಬಾ ಎಂದೆ.

ಅವನು ಬಂದ. ದೂರದ ಒಂದು ಬೆಟ್ಟದ ಊರಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಒಪ್ಪಿಕೊಂಡಿದ್ದ, ಅಲ್ಲಿಗೆ ಹೊರಡುವ ಮುಂಚೆ ಬಂದದ್ದು. ಅದೇ ಕಡೆಯ ಸಲ. ಆಮೇಲೆ ಈ ಕಡೆಗೆ ಬಂದಿಲ್ಲ. ನಡುಮನೆಯಲ್ಲಿ ಕೂತು ಕಾಗದವನ್ನು ಎರಡು ಸಲ ಓದಿದ.

"ತಗೊಂಡೋಗಿ ಅವ್ರ ಮುಂದೆ ಮಡಗು," ಎಂದೆ. "ಇನ್ನೂ ಒಂದೂವರೆ ವರ್ಷ ಐತೆ ಅನ್ನು."

"ಮೊಣಕಾಲಿಗೆ ಓದಕ್ಕೆ ಬರಕ್ಕಿಲ್ಲ ದೊಡ್ಡವ್ವ."

ಪ್ಯಾಂಟನ್ನು ಮೇಲೆ ಸುತ್ತಿ ಬಲಗಾಲು ತೋರಿಸಿದ. ಚಿಪ್ಪು ಎಲ್ಲಿದೆ ಎಂದು ಗೊತ್ತಾಗದ ಹಾಗೆ ಊದಿಕೊಂಡಿತ್ತು. ಎರಡು ಕಡೆ ಹಳೆಯ ಹೊಲಿಗೆಯ ಗುರುತು. ಮುಟ್ಟಿದೆ, ಬಿಸಿಯಾಗಿತ್ತು.

"ಎಷ್ಟು ದಿನದಿಂದ ಇದು?"

"ಎರಡು ವರ್ಷ. ಸೂಜಿ ಹಾಕಿಸ್ಕೊಂಡು ಆಡ್ತಿದ್ದೆ. ಇದು ಅರವತ್ತರ ಕಾಲು ಅಂದ್ರು ಡಾಕ್ಟ್ರು."

"ಕ್ಲಬ್ಬಿನೋರಿಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅವತ್ತೇ ಕೂರಿಸ್ತಿದ್ರು. ಈಗ ನೋಡು, ವಯಸ್ಸಾಯ್ತು ಅಂತ ಹಾರ ಹಾಕಿ ಕಳಿಸಿದ್ರು. ಕಾಲು ಹೋಯ್ತು ಅಂತ ಯಾರೂ ಅಯ್ಯೋ ಅನ್ನಲಿಲ್ಲ. ನೀ ಹೇಳಿದ ಸುಳ್ಳೇ ಕಾಪಾಡ್ತು."

"ಹದಿನಾಕರ ತಂಡಕ್ಕೆ ಹೋಗ್ದಂಗೆ ಮಾಡಿದ್ದೂ ಅದೇಯ."

"ಹೂಂ. ಅದೂ ಸರಿ," ಎಂದ. ಇಲ್ಲ, ಪರವಾಗಿಲ್ಲ ಎಂದೇನೂ ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟು ಎದ್ದ.

ನಮ್ಮ ಮನೆಗೆ ನಾಲ್ಕು ಮೆಟ್ಟಿಲು. ಅವನು ಗೋಡೆ ಹಿಡಿದುಕೊಂಡು, ಎಡಗಾಲು ಮೊದಲು ಇಳಿಸಿ, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಒಂದೊಂದೇ ಇಳಿದ. ಕೈ ಕೊಡಲು ಹೋದೆ, ಬೇಡ ಎಂದು ತಲೆಯಾಡಿಸಿದ. ಆ ಕಾಲಿನಲ್ಲೇ ಅವನು ಹಿಂದಿನ ತಿಂಗಳು ಒಂದು ಪೂರ್ತಿ ಆಟ ಆಡಿ ಒಂದು ಗೋಲು ಹಾಕಿದ್ದ. ನಾನು ಟಿವಿಯಲ್ಲಿ ನೋಡಿದ್ದೆ. ಗೋಲು ಹಾಕಿದ ಮೇಲೆ ಅವನು ನಡೆಯುವುದನ್ನು ಕಂಡು ಪಕ್ಕದ ಮನೆ ಹುಡುಗಿಗೆ, "ಮುದುಕ ಆಗ್ಬುಟ್ಟ ಕಣೆ," ಎಂದಿದ್ದೆ. ಅವನ ನಿಜವಾದ ವಯಸ್ಸು ಗೊತ್ತಿದ್ದ ನಾನೇ ಹಾಗೆಂದಿದ್ದೆ.